ಹೊಸದಾಗಿ ಕಟ್ಟಿದ ಲಾರಿ ಎಂಜಿನ್: ಮೊದಲ ಆಯಿಲ್, ಮೊದಲ ಸಾವಿರ ಕಿಲೋಮೀಟರ್

ಎಂಜಿನ್ ಇಳಿಸಿ, ಬೋರ್ ಮಾಡಿಸಿ, ಹೊಸ ಪಿಸ್ಟನ್, ರಿಂಗ್, ಬೇರಿಂಗ್ ಹಾಕಿಸಿ ಕಟ್ಟಿಸುವುದು ಒಂದೇ ಲಾರಿ ಇಟ್ಟುಕೊಂಡ ಮಾಲೀಕನಿಗೆ ಸಣ್ಣ ಖರ್ಚಲ್ಲ. ಲಾರಿ ಶೆಡ್‌ನಲ್ಲಿ ನಿಂತಷ್ಟು ದಿನ ಬಾಡಿಗೆ ಇಲ್ಲ, ಕಂತು ಮಾತ್ರ ತಪ್ಪುವುದಿಲ್ಲ. ಹಾಗಾಗಿ ಎಂಜಿನ್ ಮತ್ತೆ ಕೂತ ದಿನ ಎಲ್ಲರಿಗೂ ಅದರ ಮೇಲೆ ಅತಿಯಾದ ಅಕ್ಕರೆ. ಪೂಜೆ ಮುಗಿದು ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದ ಮೇಲೂ ಎಂಜಿನ್ ಆರಿಸುವುದಿಲ್ಲ. ‘ಸೆಟ್ ಆಗಲಿ’ ಎಂದು ಗಂಟೆಗಟ್ಟಲೆ ಐಡ್ಲಿಂಗ್‌ನಲ್ಲಿ ಬಿಡುತ್ತಾರೆ. ಆಮೇಲೆ ತಿಂಗಳುಗಟ್ಟಲೆ ಖಾಲಿ ಲಾರಿಯನ್ನು ನಲವತ್ತರ ವೇಗ ದಾಟಿಸದೆ ಓಡಿಸುತ್ತಾರೆ. ಅಂಗಡಿಯಲ್ಲಿರುವ ಅತಿ ದುಬಾರಿ ಆಯಿಲ್ ತಂದು ಸುರಿಯುತ್ತಾರೆ. ಮೂರೂ ಪ್ರೀತಿಯಿಂದ ಮಾಡುವ ಕೆಲಸಗಳೇ. ಆದರೆ ಮೊದಲ ಎರಡು ಎಂಜಿನ್ನಿನ ಆಯುಸ್ಸನ್ನು ನೇರವಾಗಿ ತಿನ್ನುತ್ತವೆ, ಮೂರನೆಯದು ದುಡ್ಡು ದಂಡ.

ಇದು ಯಾಕೆ ಹೀಗೆ ಎಂದು ತಿಳಿಯಬೇಕಾದರೆ ಸಿಲಿಂಡರಿನ ಗೋಡೆಯನ್ನು ಹತ್ತಿರದಿಂದ ನೋಡಬೇಕು. ಬೋರಿಂಗ್ ಆದ ಮೇಲೆ ಹೋನಿಂಗ್ ಮಾಡುತ್ತಾರಲ್ಲ, ಆಗ ಗೋಡೆಯ ತುಂಬ ಒಂದನ್ನೊಂದು ಕತ್ತರಿಸುವ ಓರೆ ಗೆರೆಗಳು ಬೀಳುತ್ತವೆ. ಟಾರ್ಚ್ ಬಿಟ್ಟು ನೋಡಿದರೆ ಬರಿಗಣ್ಣಿಗೇ ಕಾಣುತ್ತವೆ. ಹಿಟ್ಟು ನುಣ್ಣಗೆ ಬರಲೆಂದು ಬೀಸುಕಲ್ಲಿಗೆ ಉಳಿ ಹೊಡೆಸಿದ ಹಾಗೆ ಇದು. ಉಳಿ ಹೊಡೆಸಿದ ಮೇಲೆ ಮೊದಲು ಬೀಸಿದ ಹಿಟ್ಟನ್ನು ಯಾರೂ ಉಣ್ಣುವುದಿಲ್ಲ, ಕಲ್ಲಿನ ಪುಡಿ ಅದರಲ್ಲಿ ಹೋಗಲಿ ಎಂದು ಚೆಲ್ಲುತ್ತಾರೆ. ಹೋನ್ ಗೆರೆಗಳ ತಗ್ಗುಗಳು ಆಯಿಲ್ ಹಿಡಿದಿಟ್ಟುಕೊಳ್ಳುತ್ತವೆ. ಗೆರೆಗಳ ನಡುವಿನ ಚೂಪು ತುದಿಗಳು ಹೊಸ ರಿಂಗ್‌ನ ಅಂಚನ್ನು ಸವೆಸುತ್ತವೆ, ತಾವೂ ಸವೆಯುತ್ತವೆ. ಹೀಗೆ ರಿಂಗ್ ಮತ್ತು ಗೋಡೆ ಪರಸ್ಪರ ಉಜ್ಜಿಕೊಂಡು, ಗ್ಯಾಸ್ ಕೆಳಗಿಳಿಯದಂತೆ, ಆಯಿಲ್ ಮೇಲೇರದಂತೆ ಹೊಂದಿಕೊಳ್ಳುವುದಕ್ಕೇ ನಮ್ಮ ಮೆಕ್ಯಾನಿಕ್‌ಗಳು ‘ರಿಂಗ್ ಸೆಟ್ ಆಗುವುದು’ ಎನ್ನುತ್ತಾರೆ.

ರಿಂಗ್‌ಗೆ ತನ್ನದೇ ಸ್ಪ್ರಿಂಗ್ ಬಲ ಇದೆ, ಆದರೆ ಅದು ಕಡಿಮೆ. ಮೇಲಿನ ರಿಂಗನ್ನು ಗೋಡೆಗೆ ಬಲವಾಗಿ ಒತ್ತುವುದು ಉರಿದ ಗ್ಯಾಸ್. ಅದು ಪಿಸ್ಟನ್‌ನ ಗ್ರೂವ್‌ಗೆ ನುಗ್ಗಿ ರಿಂಗ್‌ನ ಬೆನ್ನಿಗೆ ನಿಂತು ಹೊರಕ್ಕೆ ದೂಡುತ್ತದೆ. ಟರ್ಬೊ ಇರುವ ಲಾರಿ ಎಂಜಿನ್ನಿನಲ್ಲಿ ತುಂಬು ಲೋಡ್‌ನಲ್ಲಿ ಈ ಒತ್ತಡ 100 ಬಾರ್ ದಾಟುತ್ತದೆ. ಐಡ್ಲಿಂಗ್‌ನಲ್ಲಿ ಅದರ ಒಂದು ಪಾಲು ಮಾತ್ರ. ಲೋಡ್ ಇಲ್ಲದೆ ಓಡುವ ಎಂಜಿನ್ನಿನಲ್ಲಿ ರಿಂಗ್ ಆಯಿಲ್ ಪದರದ ಮೇಲೆ ಜಾರಿಕೊಂಡು ಹೋಗುತ್ತದೆ, ಸವೆಯಬೇಕಾದ ತುದಿ ಸವೆಯುವುದಿಲ್ಲ. ಸಿಲಿಂಡರ್ ಸರಿಯಾಗಿ ಕಾಯದೆ ಅರ್ಧ ಉರಿದ ಡೀಸೆಲ್ ಮತ್ತು ಆಯಿಲ್ ಸೇರಿ ಗೋಡೆಗೆ ಮೆರುಗೆಣ್ಣೆ ಬಳಿದಂಥ ಪದರ ಕಟ್ಟುತ್ತದೆ. ಹೋನ್ ಗೆರೆಗಳು ಅದರಲ್ಲಿ ಮುಚ್ಚಿಹೋಗುತ್ತವೆ. ಇದಕ್ಕೆ ಗ್ಲೇಜಿಂಗ್ ಎನ್ನುತ್ತಾರೆ. ಒಮ್ಮೆ ಗ್ಲೇಜ್ ಗಟ್ಟಿಯಾಯಿತೆಂದರೆ ಆಮೇಲೆ ಎಷ್ಟು ಓಡಿಸಿದರೂ ರಿಂಗ್ ಸೆಟ್ ಆಗುವುದು ಕಷ್ಟ. ಬ್ರೀದರ್ ಪೈಪ್‌ನಿಂದ ಹೊಗೆ, ಶೆಡ್ ಭಾಷೆಯಲ್ಲಿ ಬ್ಯಾಕ್ ಕಂಪ್ರೆಷನ್, ಆಯಿಲ್ ತಿನ್ನುವ ಎಂಜಿನ್, ಮತ್ತೆ ಹೆಡ್ ಎತ್ತಿ ಹೋನಿಂಗ್.

ಟಾಟಾ ಲಾರಿಗಳಲ್ಲಿ ಬಂದ ಕಮಿನ್ಸ್ 6ಬಿಟಿ ಎಂಜಿನ್ನನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 5.9 ಲೀಟರ್, ಆರು ಸಿಲಿಂಡರ್, ಬೋರ್ 102 ಮಿಲಿಮೀಟರ್. ಇದರಲ್ಲಿ ಲೈನರ್ ಇಲ್ಲ. ಬ್ಲಾಕ್‌ನಲ್ಲೇ ಕೊರೆದ ಬೋರ್. ಅರ್ಧ ಮಿಲಿಮೀಟರ್ ಓವರ್‌ಸೈಜ್ ಒಮ್ಮೆ, ಒಂದು ಮಿಲಿಮೀಟರ್ ಇನ್ನೊಮ್ಮೆ, ಅಲ್ಲಿಗೆ ಮುಗಿಯಿತು. ಅದರಾಚೆ ಸ್ಲೀವ್ ಹೊಡೆಸಬೇಕು. ರಿಂಗ್ ಸೆಟ್ ಆಗುವ ಈ ಮೊದಲ ಓಟವನ್ನು, ಅಂದರೆ ರನ್ನಿಂಗ್-ಇನ್ ಅನ್ನು, ಕೆಡಿಸಿಕೊಂಡರೆ ಇರುವ ಎರಡು ಅವಕಾಶಗಳಲ್ಲಿ ಒಂದು ಸುಮ್ಮನೆ ಕೈತಪ್ಪಬಹುದು.

ಆಯಿಲ್ ವಿಷಯಕ್ಕೆ ಹೋಗುವ ಮೊದಲು ಶೆಡ್‌ನಲ್ಲಿ ನಿಂತು ನೋಡಲೇಬೇಕಾದ ಒಂದು ಕೆಲಸವಿದೆ. ಹೋನಿಂಗ್ ಆಗಿ ಬಂದ ಬ್ಲಾಕ್‌ನ ಗೆರೆಗಳೊಳಗೆ ಹೋನ್ ಕಲ್ಲಿನ ಪುಡಿಯೂ ಕಬ್ಬಿಣದ ಪುಡಿಯೂ ಸಿಕ್ಕಿಕೊಂಡಿರುತ್ತವೆ. ಸಾಮಾನ್ಯವಾಗಿ ಡೀಸೆಲ್ ಅಥವಾ ಸೀಮೆಎಣ್ಣೆ ಸುರಿದು, ಗಾಳಿ ಹೊಡೆದು, ‘ಕ್ಲೀನ್’ ಎನ್ನುತ್ತಾರೆ. ಡೀಸೆಲ್ ಜಿಡ್ಡನ್ನು ತೆಗೆಯುತ್ತದೆ, ಪುಡಿಯನ್ನು ಗೆರೆಯೊಳಗೇ ಬಿಡುತ್ತದೆ. ಬೇಕಾದದ್ದು ಬಿಸಿನೀರು, ಸೋಪಿನ ಪುಡಿ ಮತ್ತು ಗಡುಸಾದ ಬ್ರಷ್. ಚೆನ್ನಾಗಿ ತಿಕ್ಕಿ ತೊಳೆದು, ತಕ್ಷಣ ಒಣಗಿಸಿ, ತುಕ್ಕು ಹಿಡಿಯದಂತೆ ಎಂಜಿನ್ ಆಯಿಲ್ ಸವರಬೇಕು. ಆಮೇಲೆ ಬಿಳಿ ಹತ್ತಿಬಟ್ಟೆಯನ್ನು ಹೊಸ ಆಯಿಲ್‌ನಲ್ಲಿ ಅದ್ದಿ ಬೋರ್ ಒಳಗೆ ಒತ್ತಿ ಒರೆಸಿ ನೋಡಿ. ಬಟ್ಟೆಯ ಮೇಲೆ ಬೂದು ಬಣ್ಣ ಬಂದರೆ ಪುಡಿ ಇನ್ನೂ ಇದೆ, ಮತ್ತೆ ತೊಳೆಯಬೇಕು. ಬಟ್ಟೆ ಬೆಳ್ಳಗೇ ಬರುವವರೆಗೆ ಬಿಡಬೇಡಿ. ಆರು ಬೋರ್‌ಗೂ ಹೀಗೇ. ಇದಕ್ಕೆ ಅರ್ಧ ದಿನ ಹಿಡಿದರೂ ಹಿಡಿಯಲಿ. ಈ ಪುಡಿ ಉಳಿದರೆ ಯಾವ ಕಂಪನಿಯ ಆಯಿಲ್ ಹಾಕಿದರೂ ಹೊಸ ರಿಂಗ್ ಮತ್ತು ಬೇರಿಂಗ್‌ಗಳನ್ನು ಅದು ಅರೆದು ಹಾಕುತ್ತದೆ. ಇದೊಂದನ್ನು ಮಾಲೀಕರು ಎದುರಿಗೆ ನಿಂತೇ ಮಾಡಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ಆಯಿಲ್. ಡಬ್ಬಿಯ ಮೇಲೆ ಎರಡು ವಿಷಯ ಓದಬೇಕು: ಗ್ರೇಡ್ ಮತ್ತು ಎಪಿಐ ದರ್ಜೆ. ಗ್ರೇಡ್ ಅಂದರೆ 15ಡಬ್ಲ್ಯು-40 ಎಂಬಂಥ ಸಂಖ್ಯೆ. ಇದರಲ್ಲಿ 40 ಎಂಬುದು ಕಾದಾಗ ಆಯಿಲ್ ಎಷ್ಟು ಮಂದ ಎಂಬುದನ್ನು ಹೇಳುತ್ತದೆ, 15ಡಬ್ಲ್ಯು ತಣ್ಣಗಿದ್ದಾಗ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನು. ನಮ್ಮ ಚಳಿಗೆ 20ಡಬ್ಲ್ಯು-40 ಕೂಡ ಗಟ್ಟಿಯಾಗುವುದಿಲ್ಲ, ಬೀದರ್‌ನ ಡಿಸೆಂಬರ್ ಬೆಳಗಿನಲ್ಲೂ ಇಲ್ಲ. ಆದರೂ ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಟರ್ಬೊಗೆ, ಹೆಡ್ ಮೇಲಿನ ರಾಕರ್‌ಗಳಿಗೆ ಆಯಿಲ್ ಬೇಗ ತಲುಪುವುದು 15ಡಬ್ಲ್ಯುದಲ್ಲೇ. ಲಾರಿ ಎಂಜಿನ್‌ಗೆ ಅದನ್ನೇ ಹಾಕಿ. ಹಳೇ ಮೇಸ್ತ್ರಿಗಳು ಹೇಳುವ ಬರೀ 40 ನಂಬರಿನ ಮಾನೋಗ್ರೇಡ್ ಬೇಡ. ಬೋರ್ ಮಾಡಿಸಿದ ಎಂಜಿನ್‌ಗೆ ಮಂದ ಆಯಿಲ್ ಬೇಕು ಎಂಬುದು ಸವೆದ ಎಂಜಿನ್‌ಗಳನ್ನು ನೋಡಿ ಹುಟ್ಟಿದ ಮಾತು. ಹೊಸ ಬೇರಿಂಗ್‌ನ ಸಂದು ಚಿಕ್ಕದು, ಅಲ್ಲಿಗೆ ಹರಿದು ಹೋಗುವ ಆಯಿಲ್ ಬೇಕು.

ಆಯಿಲ್‌ನ ಗುಣಮಟ್ಟ ಹೇಳುವ ಎಪಿಐ ದರ್ಜೆಯಲ್ಲಿ ಡೀಸೆಲ್ ಎಂಜಿನ್‌ಗೆ ‘ಸಿ’ ಇಂದ ಶುರುವಾಗುವ ಹೆಸರು. ಸಿಎಚ್-4 ಬಂದದ್ದು 1998ರಲ್ಲಿ, ಸಿಐ-4 2002ರಲ್ಲಿ, ಸಿಜೆ-4 2006ರಲ್ಲಿ, ಸಿಕೆ-4 2016ರ ಕೊನೆಯಲ್ಲಿ. ಮೆಕ್ಯಾನಿಕಲ್ ಪಂಪ್ ಇರುವ 6ಬಿಟಿ, ಅಥವಾ ಟಾಟಾದ ಹಳೆಯ 697 ಎಂಜಿನ್‌ಗೆ (ಆರು ಸಿಲಿಂಡರ್, 97 ಮಿಲಿಮೀಟರ್ ಬೋರ್, ಹೆಸರಲ್ಲೇ ಲೆಕ್ಕ ಇದೆ) ಸಿಐ-4 ಪ್ಲಸ್ ದರ್ಜೆಯ ಸಾಧಾರಣ ಮಿನರಲ್ ಆಯಿಲ್ ಸಾಕು. ಅದಕ್ಕಿಂತ ಮೇಲಿನದು ಹಾಕಿದರೆ ಹಾಳಾಗುವುದಿಲ್ಲ, ಮೊದಲ ಸುತ್ತಿಗೆ ಅದರ ಅಗತ್ಯ ಇಲ್ಲ ಅಷ್ಟೆ. ಈ ಆಯಿಲ್ ಸಾವಿರ ಕಿಲೋಮೀಟರಿಗೆ ಇಳಿಸಿ ಚೆಲ್ಲುವಂಥದ್ದು. ಸಿಂಥೆಟಿಕ್ ತಂದು ಸುರಿದು ಚೆಲ್ಲುವ ಬದಲು ಅದೇ ದುಡ್ಡಿಗೆ ಒಳ್ಳೆಯ ಫಿಲ್ಟರ್ ಎರಡು ಸಲ ಬದಲಿಸಿ. ಸಿಂಥೆಟಿಕ್ ಹಾಕಿದರೆ ರಿಂಗ್ ಸೆಟ್ ಆಗುವುದೇ ಇಲ್ಲ ಎಂಬ ಮಾತೂ ಪೂರ್ತಿ ಸರಿಯಲ್ಲ. ಹೊಸ ಗಾಡಿಗಳು ಎಷ್ಟೋ ಕಾರ್ಖಾನೆಯಿಂದಲೇ ಸಿಂಥೆಟಿಕ್ ತುಂಬಿಕೊಂಡು ಬರುತ್ತವೆ. ಹೋನಿಂಗ್ ಸರಿಯಾಗಿ ಆಗಿದ್ದು ಲೋಡ್ ಬಿದ್ದರೆ ರಿಂಗ್ ಸೆಟ್ ಆಗಿಯೇ ಆಗುತ್ತದೆ.

ಬಿಎಸ್-6 ಲಾರಿಯ ಎಂಜಿನ್ ಕಟ್ಟಿಸಿದ್ದರೆ ಲೆಕ್ಕ ಬೇರೆ. ಅದರ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಇರುತ್ತದೆ. ಉರಿದ ಆಯಿಲ್‌ನ ಬೂದಿ ಅದರಲ್ಲಿ ಕೂರುತ್ತದೆ. ಮಸಿ ಸುಟ್ಟು ಹೋಗುತ್ತದೆ, ಬೂದಿ ಹೋಗುವುದಿಲ್ಲ. ಬೂದಿ ಕಡಿಮೆ ಇರುವ ಸಿಕೆ-4 ಆಯಿಲ್, ಅದೂ ಗಾಡಿ ಕಂಪನಿಯ ಪುಸ್ತಕದಲ್ಲಿ ಬರೆದದ್ದೇ ಹಾಕಬೇಕು. ಬಿಎಸ್-6 ಗಾಡಿಗೆ ಹಳೆಯ ಸಿಐ-4 ಅಗ್ಗಕ್ಕೆ ಸಿಕ್ಕಿತೆಂದು ಹಾಕಬೇಡಿ. ತಿರುಗಾಮುರುಗಾ ಮಾಡುವುದಕ್ಕೆ ಅಡ್ಡಿಯಿಲ್ಲ: ಹಳೆಯ ಎಂಜಿನ್‌ಗೆ ಸಿಕೆ-4 ಹಾಕಬಹುದು. 2020ರ ಏಪ್ರಿಲ್‌ನಿಂದ ದೇಶದ ಬಂಕ್‌ಗಳಲ್ಲೆಲ್ಲ ಸಿಗುವ ಡೀಸೆಲ್‌ನಲ್ಲಿ ಗಂಧಕ 10 ಪಿಪಿಎಂ ಮಾತ್ರ, ಮೊದಲು ಇದ್ದ 50ರ ಐದನೇ ಒಂದು ಪಾಲು. ಗಂಧಕದ ಆಮ್ಲದ ವಿರುದ್ಧ ಹೋರಾಡುವ ಕೆಲಸ ಆಯಿಲ್‌ಗೆ ಈಗ ಹಗುರವಾಗಿದೆ. ಸಿಕೆ-4 ಜೊತೆಗೇ ಬಂದ ಎಫ್‌ಎ-4 ಎಂಬ ತೆಳು ಆಯಿಲ್ ಮಾತ್ರ ನಮ್ಮ ಹಳೆಯ ಎಂಜಿನ್‌ಗಳಿಗೆ ಬೇಡವೇ ಬೇಡ.

ಕೌಂಟರ್ ಮೇಲೆ ಸಾಲಾಗಿ ಇಟ್ಟ ‘ಎಂಜಿನ್ ಟ್ರೀಟ್‌ಮೆಂಟ್’ ಬಾಟಲಿಗಳನ್ನು ರನ್ನಿಂಗ್-ಇನ್ ಕಾಲದಲ್ಲಿ ಮುಟ್ಟಬೇಡಿ. ಉಜ್ಜಾಟ ಕಡಿಮೆ ಮಾಡುವುದೇ ಅವುಗಳ ಕೆಲಸ. ನಿಮಗೆ ಈಗ ಬೇಕಾಗಿರುವುದು ರಿಂಗ್ ಸ್ವಲ್ಪ ಉಜ್ಜುವುದು. ಆಯಿಲ್ ಕೊಳ್ಳುವಾಗ ಸೀಲ್ ನೋಡಿ, ಬಿಲ್ ತೆಗೆದುಕೊಳ್ಳಿ. ಖಾಲಿ ಡಬ್ಬಿಯನ್ನು ಗುಜರಿಗೆ ಹಾಕುವ ಮೊದಲು ಕತ್ತರಿಸಿ ಹಾಕಿ, ಅದರಲ್ಲಿ ನಕಲಿ ತುಂಬಿ ಇನ್ನೊಬ್ಬ ಡ್ರೈವರನಿಗೆ ಮಾರುವುದು ತಪ್ಪುತ್ತದೆ.

ಮೊದಲ ಸ್ಟಾರ್ಟ್. ಒಣ ಎಂಜಿನ್ ಒಂದು ನಿಮಿಷವೂ ತಿರುಗಬಾರದು. ಆಯಿಲ್ ಫಿಲ್ಟರ್‌ಗೆ ಹೊಸ ಆಯಿಲ್ ತುಂಬಿಯೇ ತಿರುಪಿ. ಟರ್ಬೊಗೆ ಆಯಿಲ್ ಹೋಗುವ ಪೈಪ್ ಬಿಚ್ಚಿ 50–60 ಮಿಲಿಲೀಟರ್ ಆಯಿಲ್ ಹಾಕಿ, ಒಳಗಿನ ಫ್ಯಾನನ್ನು ಕೈಯಿಂದ ತಿರುಗಿಸಿ. ಮೆಕ್ಯಾನಿಕಲ್ ಪಂಪ್‌ನ ಗಾಡಿಯಾದರೆ ಸ್ಟಾಪ್ ಕೇಬಲ್ ಎಳೆದಿಟ್ಟು, ಡೀಸೆಲ್ ಹೋಗದಂತೆ ಮಾಡಿ, ಗೇಜ್‌ನಲ್ಲಿ ಆಯಿಲ್ ಪ್ರೆಷರ್ ಕಾಣುವವರೆಗೆ ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ ಮೂವತ್ತು ಸೆಕೆಂಡ್ ಮೀರಬಾರದು, ಮಧ್ಯೆ ಎರಡು ನಿಮಿಷ ಬಿಡಬೇಕು, ಇಲ್ಲದಿದ್ದರೆ ಸೆಲ್ಫ್ ಮೋಟರ್ ಸುಡುತ್ತದೆ. ಪ್ರೆಷರ್ ಬಂದ ಮೇಲೆಯೇ ಕೇಬಲ್ ಬಿಟ್ಟು ಸ್ಟಾರ್ಟ್ ಮಾಡುವುದು. ಸ್ಟಾರ್ಟ್ ಆಗಿ ಹದಿನೈದು ಸೆಕೆಂಡಿನೊಳಗೆ ಗೇಜ್ ಮುಳ್ಳು ಮೇಲೇಳದಿದ್ದರೆ ಆರಿಸಿ ಕಾರಣ ಹುಡುಕಿ. 6ಬಿಟಿಯಲ್ಲಿ ಕಾದ ಮೇಲೆ ಐಡ್ಲಿಂಗ್‌ನಲ್ಲಿ ಕನಿಷ್ಠ 10 ಪಿಎಸ್‌ಐ, ಪೂರ್ತಿ ಆರ್‌ಪಿಎಂನಲ್ಲಿ 30 ಪಿಎಸ್‌ಐ ಇರಬೇಕು. ಹೊಸದಾಗಿ ಕಟ್ಟಿದ್ದರಲ್ಲಿ ಇದಕ್ಕಿಂತ ಸಾಕಷ್ಟು ಹೆಚ್ಚೇ ತೋರಿಸುತ್ತದೆ.

ಸ್ಟಾರ್ಟ್ ಆದ ಮೇಲೆ ಲೀಕ್ ನೋಡಲು, ಸದ್ದು ಕೇಳಲು ಒಂದೈದು ನಿಮಿಷ ಸಾಕು. ಪೂಜೆಗೆ ಎಂಜಿನ್ ಓಡುತ್ತಿರಬೇಕಿಲ್ಲ. ಆರಿಸಿಯೇ ಮಂಗಳಾರತಿ ಮಾಡಿಸಿ, ಹೊರಡುವಾಗ ಸ್ಟಾರ್ಟ್ ಮಾಡಿ.

ಇಲ್ಲೇ ಇನ್ನೊಂದು ಮಾತು. ನಮ್ಮ ಕಡೆ ಎಷ್ಟೋ ಲಾರಿಗಳಲ್ಲಿ ಥರ್ಮೋಸ್ಟಾಟ್ ಕಿತ್ತು ಬಿಸಾಡಿರುತ್ತಾರೆ, ಎಂಜಿನ್ ತಂಪಾಗಿರಲಿ ಎಂದು. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಬಯಲುಸೀಮೆಯ ಬೆಳಗಿನ ಗಾಳಿಯಲ್ಲಿ ಕಾಯುವುದೇ ಇಲ್ಲ. ನೀರು 80 ಡಿಗ್ರಿ ದಾಟದಿದ್ದರೆ ಪಿಸ್ಟನ್ ತನ್ನ ಅಳತೆಗೆ ಹಿಗ್ಗುವುದಿಲ್ಲ, ಡೀಸೆಲ್ ಪೂರ್ತಿ ಉರಿಯದೆ ಗೋಡೆಯ ಆಯಿಲ್ ತೊಳೆಯುತ್ತದೆ. ಎಂಜಿನ್ ಕಟ್ಟಿಸುವಾಗ ಹೊಸ ಥರ್ಮೋಸ್ಟಾಟ್ ಹಾಕಿಸಿಯೇ ತೀರಬೇಕು. ಅದಾದ ಮೇಲೆ ಎಂಜಿನ್ ಅತಿಯಾಗಿ ಕಾಯುತ್ತಿದ್ದರೆ ರೇಡಿಯೇಟರ್ ತೋರಿಸಿ.

ಇನ್ನು ರಸ್ತೆ. ಮೊದಲ ಟ್ರಿಪ್‌ಗೆ ಅರ್ಧದಿಂದ ಮುಕ್ಕಾಲು ಲೋಡ್ ಹಾಕಿ. ತುಮಕೂರಿನಿಂದ ಚಿತ್ರದುರ್ಗ, ದಾವಣಗೆರೆ, ಹಾವೇರಿ, ಹುಬ್ಬಳ್ಳಿವರೆಗಿನ ಹೆದ್ದಾರಿಯಂಥದ್ದು ಇದಕ್ಕೆ ಹೇಳಿ ಮಾಡಿಸಿದ ದಾರಿ: ದೊಡ್ಡ ಘಾಟಿ ಇಲ್ಲ, ಪೂರ್ತಿ ಮಟ್ಟವೂ ಅಲ್ಲ, ಸಣ್ಣ ಏರು ಸಣ್ಣ ಇಳಿಜಾರು ಬರುತ್ತಲೇ ಇರುತ್ತವೆ. ನೀರು ಕಾದ ಮೇಲೆ, 1,500ರಿಂದ 2,000 ಆರ್‌ಪಿಎಂ ನಡುವೆ ಇಟ್ಟು, ಏರು ಬಂದಲ್ಲಿ ಆಕ್ಸಿಲರೇಟರ್ ಗಟ್ಟಿಯಾಗಿ ತುಳಿದು ಎಂಜಿನ್‌ನಿಂದ ಕೆಲಸ ತೆಗೆಯಿರಿ, ಏರು ಮುಗಿದ ಮೇಲೆ ಸ್ವಲ್ಪ ಸಡಿಲ ಬಿಡಿ. ತುಳಿದಾಗ ರಿಂಗ್ ಒತ್ತಿಕೊಳ್ಳುತ್ತದೆ, ಬಿಟ್ಟಾಗ ಉಜ್ಜಿದ ಜಾಗದ ಬಿಸಿ ಇಳಿಯುತ್ತದೆ. ಹೀಗೆ ಮತ್ತೆ ಮತ್ತೆ. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಹಿಡಿದಿಡಬೇಡಿ. ಟಾಪ್ ಗೇರ್‌ನಲ್ಲಿ ಎಂಜಿನ್ ಗೊರಗೊರ ಎನ್ನುವಷ್ಟು ಕೆಳಗೆ ಆರ್‌ಪಿಎಂ ಇಳಿಸಿ ಎಳೆಸುವುದು ಎಲ್ಲಕ್ಕಿಂತ ಕೆಟ್ಟದ್ದು; ಆಗ ಸಿಲಿಂಡರ್‌ನಲ್ಲಿ ಒತ್ತಡ ಹೆಚ್ಚು, ಆಯಿಲ್ ಪಂಪ್‌ನ ಹರಿವು ಕಡಿಮೆ, ಬೇರಿಂಗ್ ಮೇಲೆ ಏಟು. ಗೇರ್ ಒಂದು ಇಳಿಸಿ.

ರಿಂಗ್ ಹೊಂದಿಕೊಳ್ಳುವ ಕೆಲಸದ ದೊಡ್ಡ ಪಾಲು ಮೊದಲ ನೂರಿನ್ನೂರು ಕಿಲೋಮೀಟರಿನಲ್ಲೇ ಆಗಿಹೋಗುತ್ತದೆ. ಆ ದಿನ ಗಾಡಿ ಓಡಿಸುವವರು ಹಳೆಯ, ನಂಬಿಕೆಯ ಡ್ರೈವರ್ ಆಗಿರಲಿ. ತುಂಬು ಲೋಡ್‌ನಲ್ಲಿ ಶಿರಾಡಿ ಘಾಟಿ ಅಥವಾ ಅರಬೈಲ್ ಘಾಟಿ ಹತ್ತಿಸುವುದನ್ನು ಮೊದಲ ಆಯಿಲ್ ಬದಲಾವಣೆಯ ನಂತರಕ್ಕೆ ಇಟ್ಟುಕೊಳ್ಳಿ. ಲೋಡ್ ಇಳಿಸುವಲ್ಲಿ, ಚೆಕ್‌ಪೋಸ್ಟ್ ಸಾಲಿನಲ್ಲಿ, ಊಟಕ್ಕೆ ನಿಂತಾಗ ಎಂಜಿನ್ ಬಿಟ್ಟಿಡಬೇಡಿ. ಜೋರಾಗಿ ಓಡಿಸಿ ಬಂದಿದ್ದರೆ ಟರ್ಬೊ ತಣಿಯಲು ಮೂರು ನಾಲ್ಕು ನಿಮಿಷ ಬಿಟ್ಟು ಆರಿಸಿ, ಅಷ್ಟೇ ಸಾಕು.

ಧೂಳಿನ ವಿಷಯ ಬಳ್ಳಾರಿ, ಸಂಡೂರು, ಹೊಸಪೇಟೆ ಕಡೆ ಅದಿರು ಹೊಡೆಯುವವರಿಗೆ ಹೇಳಬೇಕಿಲ್ಲ. ಆದರೆ ಅಲ್ಲೂ ಎಂಜಿನ್ ಕಟ್ಟಿಸಿ ಏರ್ ಫಿಲ್ಟರ್‌ನಿಂದ ಟರ್ಬೊಗೆ ಹೋಗುವ ಹಳೆಯ ರಬ್ಬರ್ ಹೋಸನ್ನೇ ಮತ್ತೆ ಹಾಕುವುದುಂಟು. ಹೋಸನ್ನು ಬಗ್ಗಿಸಿ ಒಳಮಡಿಕೆಗಳಲ್ಲಿ ಸೀಳು ಇದೆಯೇ ನೋಡಿ. ಕೂದಲೆಳೆಯಷ್ಟು ಸೀಳಿದ್ದರೂ ಅದರ ಮೂಲಕ ಬಂದ ಧೂಳು ಫಿಲ್ಟರ್‌ಗೆ ಸಿಗದೆ ನೇರ ಒಳಗೆ ಬಂದದ್ದು. ಕ್ಲಿಪ್ ಬಿಗಿಸಿ, ಹೋಸ್ ಹೊಸದೇ ಹಾಕಿ. ಹೊಸ ರಿಂಗ್‌ಗಳನ್ನು ಧೂಳಿನಷ್ಟು ಬೇಗ ಕೊಲ್ಲುವುದು ಇನ್ನೊಂದಿಲ್ಲ.

ಮೊದಲ ಆಯಿಲ್ 500ರಿಂದ 1,000 ಕಿಲೋಮೀಟರ್ ನಡುವೆ ಇಳಿಸಿಬಿಡಿ, ಎಂಜಿನ್ ಬಿಸಿ ಇರುವಾಗಲೇ, ಫಿಲ್ಟರ್ ಸಮೇತ. ಕಪ್ಪಾಗಿದೆ ಎಂದು ಗಾಬರಿ ಬೇಡ, ಡೀಸೆಲ್ ಎಂಜಿನ್‌ನ ಆಯಿಲ್ ಮಸಿಯಿಂದ ಬೇಗ ಕಪ್ಪಾಗುವುದು ಸಹಜ. ಇಳಿಸಿದ ಫಿಲ್ಟರನ್ನು ಬಿಸಾಡದೆ ಕತ್ತರಿಸಿ ನೋಡಿ. ಆಕ್ಸಾ ಬ್ಲೇಡ್‌ನಿಂದ ಕೊಯ್ದರೆ ಬ್ಲೇಡ್‌ನ ಪುಡಿಯೇ ಒಳಗೆ ಬೀಳುತ್ತದೆ. ಪೈಪ್ ಕಟರ್ ಮಾದರಿಯ ಫಿಲ್ಟರ್ ಕಟರ್ ಶೆಡ್‌ನಲ್ಲಿ ಒಂದಿರಲಿ. ಒಳಗಿನ ಕಾಗದದ ಮಡಿಕೆಗಳನ್ನು ಬಿಡಿಸಿ, ಬೆಂಚ್ ವೈಸ್‌ನಲ್ಲಿ ಹಿಂಡಿ, ಬಿಸಿಲಿಗೆ ಹಿಡಿದು ನಿಧಾನ ಓರೆ ಮಾಡಿ. ಬಹಳ ನುಣುಪಾದ ಬೂದು ಮಿನುಗು ಇದ್ದೇ ಇರುತ್ತದೆ, ಅದು ಗೋಡೆ ಮತ್ತು ರಿಂಗ್ ಸವೆದ ಗುರುತು. ಅಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತದೆ. ಅಯಸ್ಕಾಂತಕ್ಕೆ ಅಂಟದ ಬೆಳ್ಳಿಯಂಥ ಚೂರು ಕಂಡರೆ ಪಿಸ್ಟನ್‌ನ ಅಲ್ಯೂಮಿನಿಯಂ ಅಥವಾ ಬೇರಿಂಗ್‌ನ ಮೇಲ್ಪದರ ಇರಬಹುದು. ತಾಮ್ರದ ಬಣ್ಣ ಬಂದರೆ ಬುಷ್ ಅಥವಾ ಬೇರಿಂಗ್‌ನ ಒಳಪದರ. ಉಗುರಿನಲ್ಲಿ ಹಿಡಿಯಬಹುದಾದಷ್ಟು ದೊಡ್ಡ ಚೂರು ಸಿಕ್ಕರೆ ಗಾಡಿ ಮುಂದೆ ಓಡಿಸದೆ ಸಂಪ್ ಇಳಿಸಿ ಬೇರಿಂಗ್ ನೋಡಿಸಿ. ಈಗ ಒಂದು ಬೇರಿಂಗ್‌ನಲ್ಲಿ ಮುಗಿಯುವುದು ಆಮೇಲೆ ಕ್ರ್ಯಾಂಕ್‌ನವರೆಗೆ ಹೋಗುತ್ತದೆ. ಇಳಿಸಿದ ಆಯಿಲನ್ನು ಚರಂಡಿಗೆ ಬಿಡಬೇಡಿ, ಬಾವಿ ಕೆರೆಗಳಿಗೆ ಅದು ವಿಷ. ಪರವಾನಗಿ ಇರುವ ಮರುಬಳಕೆದಾರರಿಗೆ ಕೊಡುವವರ ಕೈಗೆ ಕೊಡಿ.

ಅದೇ ದಿನ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಟ್ಯಾಪೆಟ್ ನೋಡಿಸಿ. 6ಬಿಟಿಗೆ ಇನ್‌ಲೆಟ್ 0.25 ಮಿಲಿಮೀಟರ್, ಎಕ್ಸಾಸ್ಟ್ 0.51. ಹೆಡ್ ಬೋಲ್ಟ್ ಮತ್ತೆ ಬಿಗಿಸಬೇಕೇ ಎಂಬುದು ಎಂಜಿನ್ ಮೇಲೆ, ಗ್ಯಾಸ್ಕೆಟ್ ಮೇಲೆ ನಿಂತಿದೆ. ಪುಸ್ತಕದಲ್ಲಿ ಹೇಳದಿದ್ದರೆ ಮುಟ್ಟಬೇಡಿ. ಎರಡನೇ ಆಯಿಲನ್ನು 5,000 ಕಿಲೋಮೀಟರಿಗೆ ಬದಲಿಸಿ. ಅಲ್ಲಿಂದಾಚೆ ನಿಮ್ಮ ಮಾಮೂಲು ಲೆಕ್ಕಕ್ಕೆ ಬರಬಹುದು. ಸಿಂಥೆಟಿಕ್ ಬೇಕೆಂದರೂ ಆಗ ಹಾಕಿ.

ರಿಂಗ್ ಸೆಟ್ ಆಯಿತೋ ಇಲ್ಲವೋ ಹೇಳುವುದು ಆಯಿಲ್ ಕಡ್ಡಿ. ದಿನಾ ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು, ಮಟ್ಟವಾದ ಜಾಗದಲ್ಲಿ ಕಡ್ಡಿ ನೋಡಿ, ಕಿಲೋಮೀಟರ್ ಸಮೇತ ಡೀಸೆಲ್ ಪುಸ್ತಕದಲ್ಲೇ ಬರೆದಿಡಿ, ಎಷ್ಟು ಲೀಟರ್ ಸೇರಿಸಿದಿರೋ ಅದನ್ನೂ. ಮೊದಮೊದಲು ಸ್ವಲ್ಪ ಆಯಿಲ್ ಕುಡಿಯುತ್ತದೆ. ಕ್ರಮೇಣ ಕಡಿಮೆಯಾಗಿ ಒಂದು ಮಟ್ಟಕ್ಕೆ ನಿಂತರೆ ಕೆಲಸ ಮುಗಿದಂತೆ. ಬ್ರೀದರ್ ಪೈಪ್‌ನ ಹೊಗೆಯೂ ಜೊತೆಜೊತೆಗೆ ಇಳಿಯಬೇಕು. ಬೆಳಗಿನ ಚಳಿಯಲ್ಲಿ ಒಂದಷ್ಟು ಬಿಳಿ ಹೊಗೆ ಬಂದು ನಿಂತರೆ ಚಿಂತೆಯಿಲ್ಲ, ಕಾದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಉರಿಯುತ್ತಿದೆ ಎಂದರ್ಥ.

ಐದಾರು ಸಾವಿರ ಕಿಲೋಮೀಟರ್ ಆದರೂ ಕಡ್ಡಿ ಇಳಿಯುತ್ತಲೇ ಇದ್ದರೆ ತಕ್ಷಣ ಎಂಜಿನ್ ಬಿಚ್ಚಿಸಬೇಡಿ. ಮೊದಲು ಟರ್ಬೊದ ಗಾಳಿ ಪೈಪ್ ಬಿಚ್ಚಿ ಒಳಗೆ ಆಯಿಲ್ ಕಟ್ಟಿದೆಯೇ ನೋಡಿ, ಎಷ್ಟೋ ಸಲ ಕಳ್ಳ ಟರ್ಬೊದ ಸೀಲ್ ಆಗಿರುತ್ತದೆ. ವಾಲ್ವ್ ಗೈಡ್ ನೋಡಿಸಿ. ಏರ್ ಹೋಸ್ ಮತ್ತೊಮ್ಮೆ ನೋಡಿ. ಎಲ್ಲ ಸರಿ ಇದ್ದು, ಅಲ್ಲಿಯವರೆಗೆ ಗಾಡಿ ಖಾಲಿಯಾಗಿ ಅಥವಾ ಹಗುರ ಲೋಡ್‌ನಲ್ಲೇ ಓಡಿದ್ದರೆ, ಪರ್ಮಿಟ್ಟಿನಷ್ಟು ತುಂಬು ಲೋಡ್ ಹಾಕಿ ಒಂದೆರಡು ದೂರದ ಟ್ರಿಪ್ ಹೊಡೆಸಿ. ಗ್ಲೇಜ್ ಇನ್ನೂ ಗಟ್ಟಿಯಾಗಿರದಿದ್ದರೆ ಅಷ್ಟರಲ್ಲೇ ಬಿಟ್ಟುಕೊಂಡು ರಿಂಗ್ ಹಿಡಿಯುವ ಸಂಭವ ಇದೆ. ಆ ಟ್ರಿಪ್ ಆದ ಮೇಲೂ ಕಡ್ಡಿ ಹಾಗೇ ಇಳಿದರೆ ಮಾತ್ರ, ಬರೆದಿಟ್ಟ ಪುಸ್ತಕ ಹಿಡಿದುಕೊಂಡು, ಕಟ್ಟಿದ ಮೆಕ್ಯಾನಿಕ್ ಹತ್ತಿರ ಹೋಗಿ.